ಟ್ರಂಕಿನಲ್ಲಿ ಕೂತ ಸಹೋದ್ಯೋಗಿಗಳು: ಹಳೇ ಸ್ಕೆಚ್‌ಬುಕ್ ಬಿಚ್ಚುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮುಂದೆ ಒಂದು ಚೂರು ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದ, ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅಂಚು ಕಂದಿ ಚಹಾದ ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ಕಪ್ಪು ಇಂಕಿನಲ್ಲಿ ನಮ್ಮ ಪತ್ರಿಕೆಯಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದ ಪ್ರೂಫ್ ರೀಡರ್ ಕೂತಿದ್ದಾರೆ. ಕನ್ನಡಕ ಹಣೆಗೇರಿದೆ, ಪೆನ್ನು ಕಿವಿಯ ಹಿಂದೆ ಸಿಕ್ಕಿಕೊಂಡಿದೆ, ಎಡಗೈ ತೋರುಬೆರಳು ಸಾಲಿನ ಕೆಳಗೆ ಓಡುತ್ತಿದೆ. ಬಿಡಿಸುವಾಗ ನನಗೆ ಅವರ ಮೂಗೇ ದೊಡ್ಡ ವಿಷಯವಾಗಿತ್ತು. ಈಗ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಆ ಬೆರಳು.

ನಾನು ಕನ್ನಡ ಪತ್ರಿಕೆಯೊಂದರ ಕಲಾ ವಿಭಾಗದಲ್ಲಿ ದುಡಿದವನು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿದೆ, ಕಂಪ್ಯೂಟರ್ ಕಾಲದಲ್ಲಿ ಹೊರಬಂದೆ. ಪುಟ ತಯಾರಾಗುವವರೆಗೆ ಕಾಯುವ ಹೊತ್ತು ಜಾಸ್ತಿ ಇರುತ್ತಿತ್ತು. ಆ ಹೊತ್ತಿನಲ್ಲಿ ಪಕ್ಕದ ಮೇಜಿನವರನ್ನು ಬಿಡಿಸುತ್ತಿದ್ದೆ. ಏಳು ಸ್ಕೆಚ್‌ಬುಕ್, ಎರಡು ರಟ್ಟಿನ ಫೈಲು, ಒಂದಿಷ್ಟು ಬಿಡಿ ಹಾಳೆ. ಎಲ್ಲ ಸೇರಿ ಒಂದು ಕಬ್ಬಿಣದ ಟ್ರಂಕು. ಬ್ಯಾಂಕು, ಶಾಲೆ, ಕಾರ್ಖಾನೆ, ಕೆಇಬಿ ಕಚೇರಿ, ಎಲ್ಲಿ ಕೆಲಸ ಮಾಡಿದ್ದರೂ ಬಿಡಿಸುವ ಕೈ ಇದ್ದವರ ಮನೆಯಲ್ಲಿ ಇಂಥದ್ದೊಂದು ಗಂಟು ಇದ್ದೇ ಇರುತ್ತದೆ. ಅದನ್ನು ಬಿಚ್ಚುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಎಲ್ಲರೂ ಸ್ಕ್ಯಾನರ್‌ನಿಂದ ಶುರು ಮಾಡುತ್ತಾರೆ. ನಾನು ಹೆಸರಿನಿಂದ ಶುರು ಮಾಡಿ ಅನ್ನುತ್ತೇನೆ. ಒಳ್ಳೇ ಕಾಗದ ಇನ್ನೂ ಹತ್ತು ವರ್ಷ ಕಾಯಬಲ್ಲದು. ಚಿತ್ರದಲ್ಲಿರುವವರಿಗೂ ಅವರನ್ನು ಬಲ್ಲವರಿಗೂ ಈಗ ಎಪ್ಪತ್ತು, ಎಂಬತ್ತು. ಈ ಬರಹದಲ್ಲಿ ಹೆಜ್ಜೆಗಳ ಕ್ರಮ ಹೀಗಿರುವುದಕ್ಕೆ ಅದೇ ಕಾರಣ.

ಯಾವಾಗ ಬಿಚ್ಚಬೇಕು

ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯೊಳಗೆ. ಮಳೆಗಾಲದಲ್ಲಿ ಬೇಡವೇ ಬೇಡ. ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಉಬ್ಬುತ್ತದೆ, ಮಡಿಕೆಯಲ್ಲಿ ಮೆತ್ತಗಾಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜೂನ್‌ನಲ್ಲಿ ಬಿಚ್ಚಿಟ್ಟ ಪುಸ್ತಕದ ಮೇಲೆ ಆಗಸ್ಟ್ ಹೊತ್ತಿಗೆ ಬೂಷ್ಟು ಬಂದಿರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಫೆಬ್ರವರಿ ತಿಂಗಳು ಹೇಳಿ ಮಾಡಿಸಿದ ಹಾಗಿರುತ್ತದೆ.

ದೊಡ್ಡ ಮೇಜಿನ ಮೇಲೆ ಒಗೆದ ಬಿಳಿ ಬೆಡ್‌ಶೀಟ್ ಹಾಸಿ. ಫ್ಯಾನ್ ಆರಿಸಿ. ಹಳೇ ನ್ಯೂಸ್‌ಪ್ರಿಂಟ್ ಚೂರು ಹಪ್ಪಳದ ಹಾಗೆ, ಗಾಳಿಗೆ ಹಾರಿ ಬಿದ್ದರೆ ಮೂಲೆ ಮುರಿದೇ ಹೋಗುತ್ತದೆ. ಕಾಫಿ ಲೋಟ, ನೀರಿನ ಬಾಟಲಿ ಬೇರೆ ಕೋಣೆಯಲ್ಲಿರಲಿ. ಕೈಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಕೈಗವಸು ಬೇಡ. ಬಟ್ಟೆಯ ಗವಸು ಹಾಕಿದರೆ ಕಾಗದದ ಅಂಚು ಬೆರಳಿಗೆ ಗೊತ್ತಾಗುವುದಿಲ್ಲ, ಹರಿಯುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮುಟ್ಟಲೇಬೇಡಿ, ಬಾಲ್‌ಪೆನ್ನಿನ ಇಂಕು ಆಲ್ಕೋಹಾಲ್‌ಗೆ ಕರಗುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಒಂದು ಮೆತ್ತನೆಯ ಅಗಲ ಬ್ರಷ್, 2ಬಿ ಪೆನ್ಸಿಲ್, ಒಂದು ನೋಟ್‌ಬುಕ್, ಮೊಬೈಲು. ಇಷ್ಟು ಸಾಕು.

ಇದ್ದ ಕ್ರಮ ಕೆಡಿಸಬೇಡಿ

ಟ್ರಂಕು ತೆಗೆದ ಕೂಡಲೇ ಎಲ್ಲವನ್ನೂ ಹರಡಿ, ಚೆನ್ನಾಗಿರುವುದು ಒಂದು ಕಡೆ, ಸುಮಾರಾದದ್ದು ಒಂದು ಕಡೆ ಅಂತ ಪಾಲು ಮಾಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಯಾವ ಹಾಳೆ ಯಾವ ಪುಸ್ತಕದ ನಡುವೆ ಸಿಕ್ಕಿಕೊಂಡಿದೆ ಅನ್ನುವುದೇ ಒಂದು ಸಾಕ್ಷಿ. ನನ್ನ ಮೂರನೇ ಪುಸ್ತಕದಲ್ಲಿ ಒಂದು ಬಸ್ ಟಿಕೆಟ್ ಇತ್ತು. ಅದರ ಎದುರಿನ ಪುಟದಲ್ಲಿ ನಿದ್ದೆ ಮಾಡುತ್ತಿರುವ ವರದಿಗಾರ. ಇಬ್ಬರೂ ಒಂದು ಸಮ್ಮೇಳನಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದೆವು. ಟಿಕೆಟ್ ತೆಗೆದು ಎಸೆದಿದ್ದರೆ ಆ ಮುಖ ಎಲ್ಲಿಯದು, ಯಾವ ರಾತ್ರಿಯದು ಅಂತ ಗೊತ್ತೇ ಆಗುತ್ತಿರಲಿಲ್ಲ.

ಹಾಗಾಗಿ ಮೊದಲು ಇದ್ದದ್ದು ಇದ್ದ ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾ ಹೋಗಿ. ಚಂದ ಬರಬೇಕಿಲ್ಲ, ಕ್ರಮ ಗೊತ್ತಾದರೆ ಸಾಕು. ಆಮೇಲೆ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ, ಪ್ರತಿ ಹಾಳೆಗೂ ಒಂದು ಸಂಖ್ಯೆ. ಮೂರನೇ ಪುಸ್ತಕದ ಇಪ್ಪತ್ತೇಳನೇ ಹಾಳೆ ಅಂದರೆ 3-27. ಹಾಳೆಯ ಹಿಂಬದಿಯ ಕೆಳಮೂಲೆಯಲ್ಲಿ ಪೆನ್ಸಿಲ್‌ನಿಂದ, ಒತ್ತದೆ, ಚಿಕ್ಕದಾಗಿ ಬರೆಯಿರಿ. ಪೆನ್ನು, ಸ್ಟಿಕ್ಕರ್ ಬೇಡ. ಹೊಲಿದ ಪುಸ್ತಕದಿಂದ ಪುಟ ಕಿತ್ತರೆ ಅದರ ಜೋಡಿ ಪುಟವೂ ಸಡಿಲವಾಗುತ್ತದೆ, ಅದೂ ಬೇಡ.

ಹಾಳೆ ತಿರುಗಿಸಿ ನೋಡಿ

ಕಚೇರಿ ಚಿತ್ರಗಾರರು ಒಳ್ಳೇ ಕಾಗದದ ಮೇಲೆ ಬಿಡಿಸುವುದು ಕಡಿಮೆ. ಕೈಗೆ ಸಿಕ್ಕಿದ್ದರ ಮೇಲೆ ಬಿಡಿಸುತ್ತೇವೆ. ತಾರೀಕು ಹಾಕುವ ಅಭ್ಯಾಸವೂ ಇರುವುದಿಲ್ಲ. ಆದರೆ ಹಿಂಬದಿ ಮಾತಾಡುತ್ತದೆ.

ಪತ್ರಿಕಾ ಕಚೇರಿಯಲ್ಲಿ ಅಚ್ಚುಮೊಳೆ ಜೋಡಿಸಿದ ಮೇಲೆ ಉದ್ದನೆಯ ಪಟ್ಟಿಯಲ್ಲಿ ಗ್ಯಾಲಿ ಪ್ರೂಫ್, ಅಂದರೆ ತಪ್ಪು ನೋಡುವುದಕ್ಕೆ ಒಂದು ಪ್ರತಿ, ತೆಗೆಯುತ್ತಿದ್ದರು. ತಪ್ಪು ತಿದ್ದಿದ ಮೇಲೆ ಅದು ರದ್ದಿ. ಅದರ ಹಿಂಬದಿ ನಮ್ಮ ಪಾಲಿಗೆ ಡ್ರಾಯಿಂಗ್ ಹಾಳೆ. ರೀಲಿನ ಕೊನೆಯಲ್ಲಿ ಉಳಿದ ನ್ಯೂಸ್‌ಪ್ರಿಂಟನ್ನು ಕತ್ತರಿಸಿ ಪ್ಯಾಡ್ ಮಾಡಿ ವರದಿ ಬರೆಯುವುದಕ್ಕೆ ಕೊಡುತ್ತಿದ್ದರು, ಅದೂ ಬಳಕೆಗೆ ಬರುತ್ತಿತ್ತು. ದೂರದಿಂದ ಬಂದ ಸುದ್ದಿಯನ್ನು ತಾನೇ ಟೈಪ್ ಮಾಡುತ್ತಿದ್ದ ಟೆಲಿಪ್ರಿಂಟರ್ ಯಂತ್ರದಿಂದ ಬಂದ ಸುದ್ದಿ ಸಂಸ್ಥೆಯ ಸುರುಳಿಯಲ್ಲಂತೂ ತಾರೀಕೇ ಇರುತ್ತದೆ.

ನಾನು ಮೇಲೆ ಹೇಳಿದ ಪ್ರೂಫ್ ರೀಡರ್ ಚಿತ್ರ ತಿರುಗಿಸಿದೆ. ಹಿಂದೆ ಅರ್ಧ ಕತ್ತರಿಸಿದ ಗ್ಯಾಲಿ. ಭಾರತ 183, ವೆಸ್ಟ್ ಇಂಡೀಸ್ 140. ಪಕ್ಕದ ಅಂಚಿನಲ್ಲಿ ಅವರದೇ ಕೈಬರಹದಲ್ಲಿ ಒಂದು ಒತ್ತಕ್ಷರದ ತಿದ್ದುಪಡಿ. ಲಾರ್ಡ್ಸ್‌ನಲ್ಲಿ ನಾವು ವಿಶ್ವಕಪ್ ಗೆದ್ದದ್ದು 1983ರ ಜೂನ್ 25, ಶನಿವಾರ. ಪಂದ್ಯ ಮುಗಿದಾಗ ಇಲ್ಲಿ ನಡುರಾತ್ರಿಯ ಆಸುಪಾಸು. ಆ ರಾತ್ರಿ ಪಾಳಿಯಲ್ಲಿ ಇವರು ತಿದ್ದಿದ ಪ್ರೂಫ್ ಇದು, ಇದರ ಹಿಂದೆ ನಾನು ಇವರನ್ನೇ ಬಿಡಿಸಿದ್ದೇನೆ. ನಲವತ್ತು ವರ್ಷ ಒಂದು ಬದಿಯನ್ನಷ್ಟೇ ನೋಡಿಕೊಂಡಿದ್ದೆ.

ಇಲ್ಲಿ ಒಂದು ಎಚ್ಚರ ಬೇಕು. ಹಿಂಬದಿ ಹೇಳುವುದು ‘ಇದಕ್ಕಿಂತ ಮುಂಚಿನದಲ್ಲ’ ಅಂತ ಮಾತ್ರ. ರದ್ದಿ ಕಾಗದ ಡ್ರಾಯರ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರಬಹುದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ‘1983 ಜೂನ್ ಅಥವಾ ಆಮೇಲೆ’ ಅಂತ ಬರೆಯಿರಿ.

ಪತ್ರಿಕೆಯವರಲ್ಲದಿದ್ದರೂ ಸುಳಿವು ಸಿಗುತ್ತದೆ. ‘ಕರ್ನಾಟಕ ಸರ್ಕಾರ’ ಅಂತ ಅಚ್ಚಾದ ಲೆಟರ್‌ಹೆಡ್ 1973ರ ನವೆಂಬರ್ 1ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಅಲ್ಲಿಯವರೆಗೆ ನಮ್ಮದು ಮೈಸೂರು ರಾಜ್ಯ. ಲಕೋಟೆಯ ಮೇಲೆ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಬಿಲ್ಲಿನ ಮೇಲೆ ಈಗಿನ ರೂಪಾಯಿ ಚಿಹ್ನೆ ಇದ್ದರೆ 2010ರ ಜುಲೈ ಆದ ಮೇಲಿನದು. ಎರಡೂ ಅಂಚಿನಲ್ಲಿ ತೂತು ಸಾಲಿರುವ, ತೆಳು ಹಸಿರು ಪಟ್ಟೆಯ ಕಾಗದ ಇದ್ದರೆ ಕಚೇರಿಗೆ ಕಂಪ್ಯೂಟರ್ ಬಂದಾಗಿತ್ತು. ಎಲ್‌ಐಸಿ, ಬ್ಯಾಂಕಿನ ಡೈರಿಯಾದರೆ ವರ್ಷ ರಟ್ಟಿನ ಮೇಲೇ ಇರುತ್ತದೆ. ಆದರೆ ಹಳೇ ಡೈರಿಯನ್ನು ಎರಡು ವರ್ಷ ಬಿಟ್ಟು ಸ್ಕೆಚ್‌ಬುಕ್ ಮಾಡಿಕೊಳ್ಳುವವರೂ ಇದ್ದಾರೆ, ನಾನೂ ಮಾಡಿಕೊಂಡಿದ್ದೆ.

ಹೆಸರು, ಆಮೇಲೆ ಕಥೆ

ಇದು ಈ ಇಡೀ ಕೆಲಸದ ಜೀವ. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ.

ಮೊದಲು ನಿಮ್ಮ ನೆನಪಿನಿಂದ ಬರೆಯಿರಿ. ಪ್ರತಿ ಸಂಖ್ಯೆಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಯಾರು, ಯಾವ ವಿಭಾಗ, ಏನು ಮಾಡುತ್ತಿದ್ದರು. ಹೆಸರು ನೆನಪಾಗದಿದ್ದರೆ ಅಡ್ಡಹೆಸರು, ಊರು, ಅವರ ಸೈಕಲ್, ಏನಾದರೂ ಸರಿ. ‘ಹುಬ್ಬಳ್ಳಿಯವರು, ಸಂಜೆ ಪಾಳಿ, ಊಟದ ಡಬ್ಬಿಯಲ್ಲಿ ಯಾವಾಗಲೂ ರೊಟ್ಟಿ’ ಅಂತ ಬರೆದಿಟ್ಟರೂ ಸಾಕು. ಇನ್ನೊಬ್ಬರಿಗೆ ಹೆಸರು ನೆನಪಿಸಲು ಅಷ್ಟೇ ಬೇಕಾಗುವುದು.

ಆಮೇಲೆ ಸಹೋದ್ಯೋಗಿಗಳ ಮನೆಗೆ ಹೋಗಿ. ಫೋನಿನಲ್ಲಿ ಫೋಟೊ ಕಳಿಸಿ ‘ಇದ್ಯಾರು’ ಅಂತ ಕೇಳಿದರೆ ಒಂದು ಪದದ ಉತ್ತರ ಬರುತ್ತದೆ. ಎದುರು ಕೂತು ಕೇಳಿದರೆ ಒಂದು ಗಂಟೆಯ ಮಾತು ಬರುತ್ತದೆ. ಮೂಲ ಹಾಳೆ ಒಯ್ಯಬೇಡಿ. ಎ4 ಅಳತೆಗೆ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ. ವಯಸ್ಸಾದ ಕಣ್ಣಿಗೆ ಮೊಬೈಲ್ ಪರದೆ ಸಾಲುವುದಿಲ್ಲ. ಒಂದು ಸಲಕ್ಕೆ ಹದಿನೈದು ಚಿತ್ರಕ್ಕಿಂತ ಜಾಸ್ತಿ ಬೇಡ, ದಣಿಯುತ್ತಾರೆ.

ಕೇಳುವ ರೀತಿ ಮುಖ್ಯ. ‘ಇದು ನಮ್ಮ ಮೆಷಿನ್ ವಿಭಾಗದವರೇ ಅಲ್ವಾ?’ ಅಂದರೆ ಹೌದು ಅಂದುಬಿಡುತ್ತಾರೆ. ನೀವು ಏನೂ ಹೇಳದೆ ಚಿತ್ರ ಕೈಗೆ ಕೊಟ್ಟು ಸುಮ್ನೆ ಕೂರಿ. ಮೊದಲು ಬರುವ ನಗುವಿನ ಹಿಂದೆಯೇ ಹೆಸರು ಬರುತ್ತದೆ. ಅನುಮತಿ ಕೇಳಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಮೊದಲಿಗೆ ಚಿತ್ರದ ಸಂಖ್ಯೆ ಗಟ್ಟಿಯಾಗಿ ಹೇಳಿ, ‘3-27 ನೋಡ್ತಿದ್ದೀವಿ’ ಅಂತ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾವ ಮಾತು ಯಾವ ಚಿತ್ರದ್ದು ಅಂತ ನಿಮಗೇ ತಿಳಿಯುವುದಿಲ್ಲ.

ಪ್ರೂಫ್ ರೀಡರ್ ಈಗಿಲ್ಲ. ಅವರ ಮಗಳ ಮನೆಗೆ ಪ್ರಿಂಟ್ ತೆಗೆದುಕೊಂಡು ಹೋದೆ. ಆಕೆ ಚಿತ್ರ ನೋಡಿದವರೇ ಬೆರಳಿನ ಮೇಲೆ ಕೈಯಿಟ್ಟರು. ಅಪ್ಪ ಮನೆಯಲ್ಲೂ ಹೀಗೇ ಓದುತ್ತಿದ್ದರಂತೆ, ಮದುವೆ ಕರೆಯೋಲೆ ಬಂದರೂ ಬೆರಳಿಟ್ಟು, ತಪ್ಪು ಸಿಕ್ಕಿದರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಎತ್ತಿಡುತ್ತಿದ್ದರಂತೆ. ಕೆಲಸದ ಜಾಗದಲ್ಲಿ ಅಪ್ಪ ಕೂತ ಒಂದೇ ಒಂದು ಫೋಟೊ ಅವರ ಬಳಿ ಇರಲಿಲ್ಲ. ಇದ್ದದ್ದೆಲ್ಲ ಸ್ಟುಡಿಯೊದ್ದು, ಕೋಟು ಹಾಕಿಕೊಂಡದ್ದು. ಆ ಹೊತ್ತು ನನಗೆ ತಿಳಿಯಿತು, ಇಂಥ ಚಿತ್ರ ಅರ್ಧ ಬಿಡಿಸಿದವರದ್ದು, ಇನ್ನರ್ಧ ಅದರಲ್ಲಿ ಕೂತವರದ್ದು.

ಕಾಗದದ ಕಾಯಿಲೆಗಳು

ಈಗ ಕಾಗದದ ಕಡೆ ಬನ್ನಿ. ಹುಳು, ಬೂಷ್ಟು ಕಂಡರೆ ಮಾತ್ರ ಹೆಸರಿನ ಕೆಲಸ ನಿಲ್ಲಿಸಿ ಇದನ್ನು ಮೊದಲು ಮಾಡಿ.

ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳು ಕಾಗದದ ಮೇಲ್ಪದರ ಮತ್ತು ಅಂಟು ತಿನ್ನುತ್ತದೆ. ಆ ಪುಸ್ತಕವನ್ನು ಬೇರೆ ಮಾಡಿ, ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮನೆಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ತಣ್ಣನೆಯ ಕಾಗದದ ಮೇಲೆ ನೀರು ಕಟ್ಟುತ್ತದೆ. ಬೂಷ್ಟು ಬಂದಿದ್ದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಮನೆಯಾಚೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಒದ್ದೆ ಇರುವಾಗ ಒರೆಸಿದರೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಬಿಸಿಲಿಗೆ ಇಡಬೇಡಿ, ಇಂಕು ಮಾಸುತ್ತದೆ.

ನ್ಯೂಸ್‌ಪ್ರಿಂಟ್ ಹಳದಿಯಾಗುವುದು ಅದರ ಹುಟ್ಟುಗುಣ. ಮರವನ್ನು ಅರೆದು ಮಾಡಿದ ತಿರುಳಿನಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿದಂತೆ ಕಂದುತ್ತದೆ, ಆಮ್ಲ ಹುಟ್ಟಿ ಮುರುಕಾಗುತ್ತದೆ. ಮನೆಯಲ್ಲಿ ಅದನ್ನು ಮತ್ತೆ ಬಿಳಿ ಮಾಡಲು ಆಗುವುದಿಲ್ಲ, ಪ್ರಯತ್ನವೂ ಬೇಡ. ಪಕ್ಕದ ಒಳ್ಳೇ ಕಾಗದಕ್ಕೂ ಅದು ಬಣ್ಣ ಹತ್ತಿಸುತ್ತದೆ. ಹಾಗಾಗಿ ನ್ಯೂಸ್‌ಪ್ರಿಂಟ್ ಹಾಳೆಗಳನ್ನು ಬೇರೆಯೇ ಇಡಿ.

ಪುಟ ಅಂಟಿಸುವ ಕಾಲದಲ್ಲಿ ನಾವೆಲ್ಲ ರಬ್ಬರ್ ಸಲ್ಯೂಷನ್ ಅನ್ನುವ ಅಂಟು ಬಳಸುತ್ತಿದ್ದೆವು. ಅದು ವರ್ಷಗಳಾದ ಮೇಲೆ ಒಣಗಿ ಕಂದು ಕಲೆಯಾಗುತ್ತದೆ. ಸೆಲೋಟೇಪ್ ಕಥೆಯೂ ಅದೇ. ತಾನಾಗಿ ಕಳಚಿ ಬಂದ ಟೇಪ್ ಮಾತ್ರ ತೆಗೆಯಿರಿ. ಎಳೆದರೆ ಕಾಗದದ ಚರ್ಮವೂ ಬರುತ್ತದೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ ಇದ್ದರೆ, ಅದರ ಕಾಲುಗಳನ್ನು ನೇರ ಮಾಡಿ, ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ತುಂಡು ಜಾರಿಸಿ, ನಿಧಾನ ಎತ್ತಿ. ಹರಿದ ಕಡೆ ಹೊಸ ಸೆಲೋಟೇಪ್ ಹಚ್ಚಬೇಡಿ. ಫೆವಿಕಾಲ್ ಕೂಡ ಬೇಡ. ಹರಿದ ತುಂಡನ್ನು ಒಂದು ಲಕೋಟೆಯಲ್ಲಿ ಹಾಳೆಯ ಜೊತೆಗೇ ಇಟ್ಟರೆ ಸಾಕು, ಮುಂದೆ ಬಲ್ಲವರು ಸರಿ ಮಾಡಬಹುದು.

ಲ್ಯಾಮಿನೇಷನ್ ಬಗ್ಗೆ ನೋವಿನಿಂದ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಫ್ಯಾಕ್ಸ್ ರೋಲಿನ ನುಣುಪು ಕಾಗದದ ಮೇಲೆ ನಮ್ಮ ಟೆಲಿಫೋನ್ ಆಪರೇಟರ್ ಅವರನ್ನು ಬಿಡಿಸಿದ್ದೆ. ಕುತ್ತಿಗೆಗೂ ಭುಜಕ್ಕೂ ನಡುವೆ ರಿಸೀವರ್, ಎರಡೂ ಕೈಯಲ್ಲಿ ಉಣ್ಣೆಯ ಕಡ್ಡಿ, ಮಡಿಲಲ್ಲಿ ಅರ್ಧ ಹೆಣೆದ ಸ್ವೆಟರ್. ಉಳಿಯಲಿ ಅಂತ ಲ್ಯಾಮಿನೇಷನ್‌ಗೆ ಕೊಟ್ಟೆ. ಫ್ಯಾಕ್ಸ್ ಕಾಗದ ಬಿಸಿಗೆ ಕಪ್ಪಾಗುವ ಕಾಗದ, ಅದರ ಅಚ್ಚೇ ಹಾಗೆ ಮೂಡುವುದು. ಯಂತ್ರದ ಆಚೆ ಬಂದದ್ದು ಉದ್ದಕ್ಕೂ ಕರಿ ಹಾಳೆ. ಅವರನ್ನು ನಾನು ಬಿಡಿಸಿದ್ದು ಅದೊಂದೇ ಸಲ. ಬೇರೆ ಕಾಗದವಾದರೂ ಬಿಸಿ ಅಂಟು ಒಳಗೆ ಇಳಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಯಾವ ಮೂಲ ಚಿತ್ರವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಫ್ಯಾಕ್ಸ್ ಕಾಗದ ನಿಮ್ಮಲ್ಲಿದ್ದರೆ ಅದನ್ನೇ ಮೊದಲು ಸ್ಕ್ಯಾನ್ ಮಾಡಿ, ಹಿಂಬದಿಯ ಅಕ್ಷರ ಸಮೇತ. ಆ ಅಕ್ಷರ ಇಟ್ಟಲ್ಲೇ ಮಾಸಿ ಹೋಗುತ್ತದೆ.

ಸ್ಕ್ಯಾನ್ ಮಾಡುವುದು

ಗೆರೆ ಚಿತ್ರಕ್ಕೆ 600 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕಿ) ಇಡಿ. ಕಪ್ಪು ಬಿಳುಪು ಚಿತ್ರವಾದರೂ ಕಲರ್ ಮೋಡ್‌ನಲ್ಲೇ ತೆಗೆಯಿರಿ. ಕಾಗದದ ಬಣ್ಣ, ಪೆನ್ಸಿಲ್ ಗೀರು, ಇಂಕಿನ ತೆಳು ದಪ್ಪ, ಎಲ್ಲ ಸಾಕ್ಷಿಯೇ. ಮೂಲ ಪ್ರತಿ ಗುಣಮಟ್ಟ ಕೆಡದ ಟಿಫ್ ಫೈಲ್ ಆಗಿರಲಿ, ಹಂಚಲು ಅದರಿಂದ ಹಗುರವಾದ ಜೆಪೆಗ್ ಮಾಡಿಕೊಳ್ಳಿ. ಎ5 ಅಳತೆಯ ಪುಟ 600 ಡಿಪಿಐ ಕಲರ್ ಟಿಫ್ ಆದರೆ ಸುಮಾರು 52 ಎಂಬಿ. ಐನೂರು ಚಿತ್ರಕ್ಕೆ 26 ಜಿಬಿ. ಒಂದು ಸಣ್ಣ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ, ಜಾಗ ಉಳಿಸಲು ಗುಣಮಟ್ಟ ಕಡಿಮೆ ಮಾಡಬೇಡಿ.

ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಮುಂದಕ್ಕೆ ಕಾಣುತ್ತದೆ. ಗ್ಯಾಲಿ ಪ್ರೂಫ್‌ನಲ್ಲಂತೂ ಮುಖದ ತುಂಬ ಉಲ್ಟಾ ಅಕ್ಷರ. ಇದಕ್ಕೆ ಸುಲಭ ಉಪಾಯ: ಹಾಳೆಯ ಹಿಂದೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಸ್ಕ್ಯಾನ್ ಮಾಡಿ. ಹಿಂಬದಿ ಅಕ್ಷರ ಬಹುಪಾಲು ಅಡಗುತ್ತದೆ. ಈಗಿನ ತೆಳ್ಳನೆಯ ಸ್ಕ್ಯಾನರ್‌ಗಳಲ್ಲಿ ಗಾಜಿನಿಂದ ಮೇಲೆದ್ದ ಭಾಗ ಮಸುಕಾಗುತ್ತದೆ. ದಪ್ಪ ಪುಸ್ತಕದ ಬೆನ್ನು ಒತ್ತಿ ಮುರಿಯುವ ಬದಲು ಅದನ್ನು ಮೊಬೈಲಿನಲ್ಲೇ ತೆಗೆಯಿರಿ. ಮೊಬೈಲನ್ನು ಹಾಳೆಗೆ ಸರಿಸಮ ಹಿಡಿಯಿರಿ, ಸ್ವಲ್ಪ ದೂರದಿಂದ, ಎರಡು ಪಟ್ಟು ಝೂಮ್‌ನಲ್ಲಿ. ಎರಡೂ ಬದಿಯಿಂದ ಓರೆಯಾಗಿ ಬೆಳಕು ಬೀಳಲಿ. ಫ್ಲ್ಯಾಶ್ ಬೇಡ.

ಪತ್ರಿಕೆಯ ಕಲಾವಿದರ ಚಿತ್ರದಲ್ಲಿ ತಿಳಿನೀಲಿ ಪೆನ್ಸಿಲ್ ಗೆರೆ ಕಾಣುತ್ತದೆ. ಅಚ್ಚಿಗಾಗಿ ಚಿತ್ರದ ಫಿಲ್ಮ್ ತೆಗೆಯುವ ಪ್ರೋಸೆಸ್ ಕ್ಯಾಮೆರಾ ಆ ನೀಲಿಯನ್ನು ಹಿಡಿಯುತ್ತಿರಲಿಲ್ಲ, ಹಾಗಾಗಿ ನೀಲಿಯಲ್ಲಿ ಅಂದಾಜು ಹಾಕಿ ಮೇಲೆ ಕಪ್ಪಿನಲ್ಲಿ ಬಿಡಿಸುತ್ತಿದ್ದೆವು. ತಪ್ಪಾದ ಕಡೆ ಬಿಳಿ ಪೋಸ್ಟರ್ ಬಣ್ಣ. ಸ್ಕ್ಯಾನರ್‌ಗೆ ನೀಲಿಯೂ ಕಾಣುತ್ತದೆ, ಬಿಳಿಯ ಉಬ್ಬೂ ಕಾಣುತ್ತದೆ. ‘ಆಟೋ ಎನ್‌ಹಾನ್ಸ್’ ಒತ್ತಿ ಅದನ್ನೆಲ್ಲ ಅಳಿಸಬೇಡಿ. ಕೈ ಮೊದಲು ಎಲ್ಲಿ ಹೋಯಿತು, ಆಮೇಲೆ ಎಲ್ಲಿ ಮನಸ್ಸು ಬದಲಿಸಿತು ಅನ್ನುವುದು ಅಲ್ಲೇ ಇದೆ.

ಫೈಲಿಗೆ ಹಾಳೆಯ ಸಂಖ್ಯೆಯನ್ನೇ ಹೆಸರಾಗಿ ಇಡಿ, ಹಿಂಬದಿಗೆ ಕೊನೆಯಲ್ಲಿ ‘ಹಿಂ’ ಅಂತ ಸೇರಿಸಿ. ಮೂರು ಪ್ರತಿ ಮಾಡಿ. ಒಂದು ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ಕ್ಲೌಡ್‌ನಲ್ಲೋ.

ಮತ್ತೆ ಬಿಡಿಸಿ

ಹಳೇ ಚಿತ್ರ ನೋಡಿ ಎತ್ತಿಟ್ಟರೆ ಅರ್ಧ ಲಾಭ ಕೈಬಿಟ್ಟಂತೆ. ಬಿಡಿಸುವ ಕೈ ಇರುವವರು ಮತ್ತೆ ಬಿಡಿಸಬೇಕು. ನಾನು ಹೀಗೆ ಮಾಡುತ್ತೇನೆ.

ಒಬ್ಬರನ್ನು ಆರಿಸಿಕೊಂಡು, ಅವರ ಹಳೇ ಚಿತ್ರ ನೋಡುವ ಮೊದಲೇ ನೆನಪಿನಿಂದ ಬಿಡಿಸಿ. ಎರಡು ನಿಮಿಷ ಸಾಕು. ಆಮೇಲೆ ಅವರ ಹಳೇ ಚಿತ್ರಗಳನ್ನೆಲ್ಲ ತಾರೀಕಿನ ಕ್ರಮದಲ್ಲಿ ಸಾಲಾಗಿ ಇಡಿ. ಪ್ರಿಂಟಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೆರೆಗಳನ್ನು ಮಾತ್ರ ಹಿಂಬಾಲಿಸಿ. ಮೂಲದ ಮೇಲೆ ಟ್ರೇಸ್ ಮಾಡಬೇಡಿ, ಪೆನ್ಸಿಲಿನ ಒತ್ತು ಕೆಳಗೆ ಬೀಳುತ್ತದೆ. ಎಷ್ಟು ಗೆರೆ ಬಂತು ಎಣಿಸಿ.

ಪ್ರೂಫ್ ರೀಡರ್ ಅವರ ಒಂಬತ್ತು ಚಿತ್ರ ಸಿಕ್ಕಿದವು. ಮೊದಲನೆಯದರಲ್ಲಿ ಅರವತ್ತಕ್ಕೂ ಜಾಸ್ತಿ ಗೆರೆ. ಕೂದಲು, ಶರ್ಟಿನ ಗುಂಡಿ, ಮೇಜಿನ ಮರದ ನಾರು, ಎಲ್ಲವೂ ಇದೆ. ಮೂಗು ಬದನೆಕಾಯಿಯಷ್ಟು. ಆದರೂ ಅವರು ಅನ್ನಿಸುವುದಿಲ್ಲ. ಕೊನೆಯದರಲ್ಲಿ ಹದಿನಾಲ್ಕೇ ಗೆರೆ. ಬಾಗಿದ ಬೆನ್ನು, ಹಣೆ ಮೇಲಿನ ಕನ್ನಡಕ, ಕಿವಿಯ ಪೆನ್ನು, ಬೆರಳು. ಮೂಗು ಒಂದು ಚುಕ್ಕಿಯಂತಿದೆ. ಅದನ್ನು ತೋರಿಸಿದರೆ ಆ ಕಚೇರಿಯ ಯಾರಾದರೂ ಬಾಗಿಲಲ್ಲೇ ನಿಂತು ಹೆಸರು ಹೇಳುತ್ತಾರೆ.

ಕ್ಯಾರಿಕೇಚರ್ ಅಂದರೆ ಮೂಗು ಹಿಗ್ಗಿಸುವುದು ಅಂದುಕೊಂಡು ಶುರು ಮಾಡುತ್ತೇವೆ. ನಿಜವಾದ ಹೋಲಿಕೆ ಇರುವುದು ಅಂಗಗಳ ನಡುವಿನ ದೂರದಲ್ಲಿ. ಸಾಮಾನ್ಯವಾಗಿ ಕಣ್ಣುಗಳು ತಲೆಯ ಎತ್ತರದ ಸರಿ ಅರ್ಧಕ್ಕೆ ಇರುತ್ತವೆ. ಒಬ್ಬರ ಮುಖದಲ್ಲಿ ಅದು ಕೂದಲೆಳೆಯಷ್ಟು ಮೇಲೆ ಅನ್ನಿಸಿದರೆ ಇನ್ನೂ ಮೇಲೆ ಹಾಕಿ, ಕೆಳಗೆ ಅನ್ನಿಸಿದರೆ ಇನ್ನೂ ಕೆಳಗೆ ಹಾಕಿ. ಮೂಗಿಗೂ ಮೇಲ್ತುಟಿಗೂ ನಡುವೆ ಎಷ್ಟು ಜಾಗ, ಕುತ್ತಿಗೆ ಭುಜಕ್ಕೆ ಎಲ್ಲಿ ಸೇರುತ್ತದೆ, ಇಷ್ಟು ಹಿಡಿದರೆ ಮೂಗನ್ನು ಮುಟ್ಟದೆಯೂ ಮನುಷ್ಯ ಬರುತ್ತಾನೆ. ವರ್ಷಗಟ್ಟಲೆ ಜೊತೆಗೆ ದುಡಿದವರ ವಿಷಯದಲ್ಲಿ ಇನ್ನೊಂದು ಸೇರುತ್ತದೆ: ಕೆಲಸ ಅವರ ಮೈಯನ್ನು ಬಗ್ಗಿಸಿದ ರೀತಿ. ಮೊಳೆ ಜೋಡಿಸುವವರು ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ. ಫೋಟೊಗ್ರಾಫರ್‌ನ ಒಂದು ಭುಜ ಚೀಲದ ಭಾರಕ್ಕೆ ಇಳಿದಿರುತ್ತದೆ. ಹಳೇ ಸ್ಕೆಚ್‌ಬುಕ್ಕಿನಲ್ಲಿ ಹುಡುಕಬೇಕಾದದ್ದು ಇದನ್ನೇ.

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೇ ಪರಂಪರೆ ಇದೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಮನೆಯ ನೆಲ, ಗೋಡೆ, ಬಾಗಿಲ ಮೇಲೆಲ್ಲ ಬಿಡಿಸುತ್ತಿದ್ದರು, ಶಾಲೆಯಲ್ಲಿ ಮೇಷ್ಟ್ರುಗಳನ್ನೂ ಬಿಡಿಸುತ್ತಿದ್ದರು. ರಾಶಿ ಅವರು 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆಯಲ್ಲಿ ಲಕ್ಷ್ಮಣ್ ಅವರ ಚಿತ್ರಗಳು ಬಂದವು. ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಹರೆಯದಲ್ಲಿ ದಿನಚರಿಯನ್ನೇ ಚಿತ್ರದಲ್ಲಿ ಬರೆದವರು. ಊರಿನ ಪಾದ್ರಿ, ನೆರೆಯವರು, ಮದುವೆ ಮನೆಯವರು ಅದರ ತುಂಬ ಇದ್ದಾರೆ. ಅವರು ಅದನ್ನು ಎತ್ತಿಟ್ಟುಕೊಂಡದ್ದರಿಂದ 1950ರ ಆಸುಪಾಸಿನ ಗೋವಾದ ಜನರನ್ನು ನಾವು ಈಗಲೂ ನೋಡಬಹುದು.

ಯಾವುದನ್ನು ತೋರಿಸಬಾರದು

ಸ್ಕೆಚ್‌ಬುಕ್ಕಿನಲ್ಲಿ ಕೆಲವು ಚಿತ್ರ ನೋಯಿಸುವಂಥವು ಇರುತ್ತವೆ. ಮೈಬಣ್ಣ, ಉಬ್ಬು ಹಲ್ಲು, ತೊದಲು, ಕುಂಟು, ಜಾತಿಯ ಗುರುತು. ಆಗ ಎಲ್ಲರೂ ನಕ್ಕಿದ್ದರು ಅನ್ನುವುದು ಕಾರಣವಾಗದು. ನಕ್ಕವರ ಮುಖ ನಮಗೆ ನೆನಪಿದೆ, ಬಿಡಿಸಿಕೊಂಡವರ ಮುಖ ನೋಡಿದ್ದೆವಾ? ನಾನು ಅಂಥ ಹನ್ನೆರಡು ಚಿತ್ರಗಳನ್ನು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಹರಿದು ಹಾಕಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಅದರಲ್ಲಿ ಒಬ್ಬರನ್ನು ಹೊಸದಾಗಿ ಬಿಡಿಸಿ ಒಯ್ದು ಕೊಟ್ಟೆ, ಈ ಸಲ ಅವರು ಮೆಷಿನ್ ಸದ್ದು ಕೇಳಿಯೇ ಎಲ್ಲಿ ಬೆಲ್ಟ್ ಸಡಿಲವಾಗಿದೆ ಅಂತ ಹೇಳುತ್ತಿದ್ದ ಭಂಗಿಯಲ್ಲಿ.

ಉಳಿದವನ್ನೂ ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ಚಿತ್ರದಲ್ಲಿರುವವರನ್ನು ಕೇಳಿ. ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ. ಹಕ್ಕಿನ ವಿಷಯ: ಬಿಡುವಿನಲ್ಲಿ ನಿಮ್ಮ ಖುಷಿಗೆ ಬಿಡಿಸಿದ ಚಿತ್ರ ನಿಮ್ಮದು. ಸಂಬಳಕ್ಕೆ ಬಿಡಿಸಿ ಪತ್ರಿಕೆಯಲ್ಲಿ ಅಚ್ಚಾದ ಚಿತ್ರದ ಮೇಲೆ ಮಾಲೀಕರಿಗೂ ಹಕ್ಕಿರುತ್ತದೆ, ಪುಸ್ತಕ ಮಾಡುವುದಾದರೆ ಮೊದಲು ಬರೆದು ಕೇಳಿ.

ಇಡುವ ಜಾಗ

ಆಸಿಡ್ ಇಲ್ಲದ ಕಾಗದದ ಫೋಲ್ಡರ್, ಅದರ ಸುತ್ತ ಗಟ್ಟಿ ರಟ್ಟಿನ ಪೆಟ್ಟಿಗೆ. ಪ್ಲಾಸ್ಟಿಕ್ ಕವರ್ ಬೇಕಿದ್ದರೆ ಪಾಲಿಯೆಸ್ಟರ್‌ನದು ತೆಗೆದುಕೊಳ್ಳಿ. ಮೆತ್ತನೆಯ, ವಾಸನೆ ಬರುವ ಪಿವಿಸಿ ಕವರ್‌ಗೆ ಇಂಕು ಅಂಟುತ್ತದೆ. ಪೆನ್ಸಿಲ್, ಇದ್ದಿಲು ಚಿತ್ರವನ್ನು ಪ್ಲಾಸ್ಟಿಕ್‌ನಲ್ಲಿ ಇಡಲೇಬೇಡಿ, ಪುಡಿ ಎಳೆದುಕೊಳ್ಳುತ್ತದೆ. ಹಾಳೆಗಳು ಮಲಗಿರಲಿ. ಸಜ್ಜಾ ಬೇಡ, ಬಿಸಿ ಜಾಸ್ತಿ. ಮಳೆ ಬಡಿಯುವ ಗೋಡೆಗೆ ಒತ್ತಿದ ಬೀರು ಬೇಡ. ಒಳಕೋಣೆಯ ಬೀರುವಿನ ನಡುವಿನ ಖಾನೆ ಒಳ್ಳೆಯದು. ಸಿಲಿಕಾ ಜೆಲ್ ಪುಟ್ಟ ಚೀಲ ಹಾಕಿ, ಆಗಾಗ ಒಣಗಿಸಿ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಹೊರಗಿಡಿ, ಹಾಳೆಗೆ ತಾಗುವಂತೆ ಬೇಡ. ವರ್ಷಕ್ಕೆ ಎರಡು ಸಲ, ಆಯುಧಪೂಜೆ ಹೊತ್ತಿಗೆ ಒಮ್ಮೆ, ಯುಗಾದಿ ಹೊತ್ತಿಗೆ ಒಮ್ಮೆ, ತೆರೆದು ನೋಡಿ.

ಹಿಂದಿರುಗಿಸುವುದು

ಬಿಡಿ ಹಾಳೆಯಾಗಿದ್ದರೆ ಮೂಲವನ್ನೇ ಕೊಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ಸಂಗ್ರಹ ಒಡೆಯುತ್ತದೆ ಅನ್ನುತ್ತಾರೆ. ನಿಮ್ಮ ಬಳಿ ಸ್ಕ್ಯಾನ್ ಇದೆ, ಕಥೆ ಇದೆ. ಅವರ ಬಳಿ ಏನೂ ಇಲ್ಲ. ಪುಸ್ತಕದ ಪುಟವಾಗಿದ್ದರೆ ಒಳ್ಳೇ ಕಾಗದದಲ್ಲಿ ಪ್ರಿಂಟ್ ಕೊಡಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಚೌಕಟ್ಟು ಇರುವಂತೆ ಹೇಳಿ, ಗಾಜಿಗೆ ತಾಗಿದ ಇಂಕು ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಹಿಂಬದಿಯಲ್ಲಿ ತಾರೀಕು, ಜಾಗ, ಬಿಡಿಸಿದವರ ಹೆಸರು, ಬಿಡಿಸಿಕೊಂಡವರ ಹೆಸರು ಬರೆಯಿರಿ. ಪ್ರೂಫ್ ರೀಡರ್ ಅವರ ಚಿತ್ರಕ್ಕೆ ಎರಡೂ ಬದಿ ಗಾಜು ಹಾಕಿಸಿದ್ದೇನೆ. ತಿರುಗಿಸಿದರೆ 183, 140 ಕಾಣಬೇಕು.

ಸಂಗ್ರಹ ದೊಡ್ಡದಿದ್ದರೆ ಪ್ರದರ್ಶನವನ್ನೂ ಯೋಚಿಸಿ. ಬೆಂಗಳೂರಿನ ಎಂ.ಜಿ. ರಸ್ತೆಯ ಬಳಿ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ವ್ಯಂಗ್ಯಚಿತ್ರಗಳಿಗಾಗಿಯೇ ಇರುವ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ. ಒಮ್ಮೆ ಹೋಗಿ, ಚಿತ್ರಗಳನ್ನು ಹೇಗೆ ತೂಗುಹಾಕುತ್ತಾರೆ ಅಂತಾದರೂ ನೋಡಿ ಬನ್ನಿ. ಇಲ್ಲದಿದ್ದರೆ ಹಳೇ ಸಹೋದ್ಯೋಗಿಗಳು ಸೇರುವ ದಿನ ಒಂದು ಹಗ್ಗ ಕಟ್ಟಿ ಪ್ರಿಂಟುಗಳನ್ನು ಕ್ಲಿಪ್ ಹಾಕಿ ತೂಗಿಬಿಡಿ. ಪ್ರತಿ ಚಿತ್ರದ ಕೆಳಗೆ ಖಾಲಿ ಚೀಟಿ, ಪಕ್ಕದಲ್ಲಿ ಪೆನ್ಸಿಲ್. ನಿಮಗೆ ಗೊತ್ತಿಲ್ಲದ ಹೆಸರುಗಳನ್ನು ಅವರೇ ಬರೆದು ಹೋಗುತ್ತಾರೆ.

ನನ್ನ ಐದನೇ ಪುಸ್ತಕದಲ್ಲಿ ಒಬ್ಬ ಹುಡುಗನಿದ್ದಾನೆ. ಹದಿನಾರು ಹದಿನೇಳು ವಯಸ್ಸು, ತಂತಿ ಸ್ಟ್ಯಾಂಡಿನಲ್ಲಿ ಆರು ಚಹಾ ಲೋಟ, ಮೆಟ್ಟಿಲು ಹತ್ತುವಾಗ ನಾಲಗೆ ತುದಿ ಕಚ್ಚಿಕೊಂಡಿರುತ್ತಾನೆ. ಹನ್ನೊಂದು ಸಲ ಬಿಡಿಸಿದ್ದೇನೆ. ಸಂಪಾದಕರನ್ನು ಬಿಡಿಸಿದ್ದು ನಾಲ್ಕೇ ಸಲ. ಆದರೆ 5-14ರಿಂದ 5-24ರವರೆಗೆ ಹೆಸರಿನ ಜಾಗ ಖಾಲಿ ಇದೆ. ಈ ಭಾನುವಾರ ಮಲ್ಲೇಶ್ವರದಲ್ಲಿ ಇಬ್ಬರು ಹಳೇ ಮೆಷಿನ್ ಆಪರೇಟರ್‌ಗಳು ಸಿಗುತ್ತಾರೆ. 5-14ನ್ನು ದೊಡ್ಡದು ಮಾಡಿ ಎ3ಯಲ್ಲಿ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೇನೆ.